ಪಾದದ ಗಂಟು ಮುರಿದ್ರೆ ಮೊದ್ಲು ಎಕ್ಸ್‌ರೇ ತೆಗೆಸ್ರಪ್ಪಾ

ಸಂಪಾದಕರೇ, ಹೋದ ಮಳೆಗಾಲದಲ್ಲಿ ನಮ್ಮಮ್ಮ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ರು, ಎಲ್ರೂ ಹೇಳಿದ್ರು ಅಂತ ನಾಟಿ ಕಟ್ಟು ಹಾಕಿಸಿದ್ವಿ, ಮೊಟ್ಟೆ ಲೋಳೆ, ಬಿದಿರು ದಬ್ಬೆ ಎಲ್ಲಾ ಆಯ್ತು, ಮೂರು ವಾರ ಆದ್ಮೇಲೆ ಎಕ್ಸ್‌ರೇ ನೋಡಿದ್ರೆ ಮೂಳೆ ಎರಡೂ ಕಡೆ ಜರುಗಿ ಸೊಟ್ಟಗೇ ಕೂಡ್ಕೊಳ್ತಾ ಇತ್ತು. ಆಮೇಲೆ ಆಪರೇಷನ್ ಇನ್ನೂ ಕಷ್ಟ ಆಯ್ತು.

ಈ ಕೀಲು ಭಾರೀ ಸೂಕ್ಷ್ಮ ಕಣ್ರಿ. ಕೀಲಿನ ನಡುವೆ ಕೂತಿರೋ ಪಾದದ ಮೂಳೆ (ಟೇಲಸ್) ಬರೀ 1 ಮಿಲಿಮೀಟರ್ ಹೊರಕ್ಕೆ ಸರಿದ್ರೂ ಮೂಳೆಗೆ ಮೂಳೆ ತಾಗೋ ಜಾಗ ಶೇ. 42ರಷ್ಟು ಕಮ್ಮಿ ಆಗುತ್ತೆ ಅಂತ 1976ರಲ್ಲೇ ತೋರಿಸಿದ್ದಾರೆ. ಅದಕ್ಕೇ ತೆರೆದು, ಸರಿಯಾಗಿ ಕೂರಿಸಿ, ಹೊರಗಿನ ಸಣ್ಣ ಮೂಳೆಗೆ ಪ್ಲೇಟು, ಒಳಗಿನ ಗಿಣ್ಣಿಗೆ ಸ್ಕ್ರೂ ಹಾಕೋದು. ಜರುಗದೇ ಇದ್ರೆ ಎಷ್ಟೋ ಸಲ ಪ್ಲಾಸ್ಟರ್ರೇ ಸಾಕು. ಊತ ಜಾಸ್ತಿ ಇದ್ರೆ ಆಪರೇಷನ್‌ಗೆ ಮೊದ್ಲು ಅದು ಇಳಿದು ಚರ್ಮ ಸುಕ್ಕು ಬರೋ ತನಕ ವಾರ ಹತ್ತು ದಿನ ಕಾಯ್ತಾರೆ, ನಮ್ಮ ನೆಂಟ್ರು ಅದನ್ನ ಬಿಲ್ ಏರಿಸೋ ಐಡಿಯಾ ಅಂತಾರೆ!

ನಾಟಿ ಕಟ್ಟೋರನ್ನ ಬೈಯೋಕೆ ಬರೀತಿಲ್ಲ, ಅವ್ರೂ ಎಕ್ಸ್‌ರೇ ಕೇಳ್ಲಿ ಅಷ್ಟೇ. ಆದ್ರೆ ತಾಲ್ಲೂಕು ಆಸ್ಪತ್ರೇಲಿ ಮಷಿನ್ ಇದ್ದೂ ಸಂಜೆ ಮೇಲೆ ತೆಗೆಯೋರಿಲ್ಲ ಅಂದ್ರೆ ಜನ ಎಲ್ಲಿಗೆ ಹೋಗ್ಬೇಕು?

– ಒಬ್ಬ ಓದುಗ, ಮಲೆನಾಡು