ಬ್ಯಾನರ್‌ಗೆ 300 ಡಿಪಿಐ ಷರತ್ತು ಅನಗತ್ಯ

ಮಾನ್ಯ ಸಂಪಾದಕರೇ,

ರಾಜ್ಯೋತ್ಸವ, ಜಯಂತಿ, ಕೃಷಿ ಮೇಳಗಳಿಗಾಗಿ ವೇದಿಕೆಯ ಬ್ಯಾಕ್‌ಡ್ರಾಪ್ ಅಥವಾ ಹೋರ್ಡಿಂಗ್ ಮಾಡಿಸುವಾಗ ಕೆಲವು ಕಚೇರಿಗಳೂ ಸಂಘ ಸಂಸ್ಥೆಗಳೂ ಕೊಟೇಶನ್ ಪತ್ರದಲ್ಲಿ ‘ಫೈಲು ಪೂರ್ಣ ಅಳತೆಯಲ್ಲಿ 300 ಡಿಪಿಐ ಇರತಕ್ಕದ್ದು, ಜೆಪಿಜಿ ರೂಪದಲ್ಲಿ ಒಪ್ಪಿಸತಕ್ಕದ್ದು’ ಎಂಬ ಷರತ್ತು ಹಾಕುತ್ತಿವೆ. ಡಿಪಿಐ ಎಂದರೆ ಇಲ್ಲಿ ಚಿತ್ರದ ಪ್ರತಿ ಇಂಚಿನಲ್ಲಿರುವ ಪಿಕ್ಸೆಲ್‌ಗಳ, ಅಂದರೆ ಬಣ್ಣದ ಚುಕ್ಕೆಗಳ, ಸಂಖ್ಯೆ. ಜಿಲ್ಲಾ ಕೇಂದ್ರವೊಂದರಲ್ಲಿ ವಿನ್ಯಾಸದ ಕೆಲಸ ಮಾಡುವವನಾಗಿ ಹೇಳುವುದಾದರೆ, ಈ ಷರತ್ತಿನಿಂದ ಮುದ್ರಣದ ಗುಣಮಟ್ಟ ಕಿಂಚಿತ್ತೂ ಹೆಚ್ಚುವುದಿಲ್ಲ.

20 ಅಡಿ ಅಗಲ, 10 ಅಡಿ ಎತ್ತರದ ಸಾಮಾನ್ಯ ಬ್ಯಾಕ್‌ಡ್ರಾಪನ್ನೇ ತೆಗೆದುಕೊಳ್ಳೋಣ. ಇಂಚಿಗೆ 300ರಂತೆ ಲೆಕ್ಕ ಹಾಕಿದರೆ ಅದು 72,000 ಮತ್ತು 36,000 ಪಿಕ್ಸೆಲ್‌ಗಳ ಚಿತ್ರವಾಗುತ್ತದೆ. ಮುದ್ರಣದ ನಾಲ್ಕು ಬಣ್ಣಗಳ ಲೆಕ್ಕದಲ್ಲಿ, ವಿನ್ಯಾಸದಲ್ಲಿ ಒಂದೇ ಲೇಯರ್ (ಪದರ) ಇದ್ದರೂ, ಕಂಪ್ಯೂಟರಿನ ಮೆಮೊರಿಯಲ್ಲಿ ಹತ್ತು ಜಿಬಿಗೂ ಹೆಚ್ಚು ಜಾಗ ಬೇಡುತ್ತದೆ. ಜೆಪಿಜಿ ಫೈಲಿನ ಒಂದು ಬದಿ 65,535 ಪಿಕ್ಸೆಲ್ ಮೀರುವಂತಿಲ್ಲವಾದ್ದರಿಂದ ಕೇಳಿದ ಫೈಲನ್ನು ಕೇಳಿದ ರೂಪದಲ್ಲಿ ಕೊಡುವುದೇ ಅಸಾಧ್ಯ. ಬೇರೆ ಫೈಲ್ ರೂಪಗಳಲ್ಲಿ ಫೋಟೊಶಾಪ್‌ನ ಪಿಎಸ್‌ಡಿ ಒಂದು ಬದಿಗೆ 30,000 ಪಿಕ್ಸೆಲ್‌ಗೇ ನಿಲ್ಲುತ್ತದೆ, ಸಾಮಾನ್ಯ ಟಿಫ್ 4 ಜಿಬಿಗೆ ನಿಲ್ಲುತ್ತದೆ. ಹಳೆಯ ಮಾದರಿಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್ ಕೂಡ 4 ಜಿಬಿ ಮೀರಿದ ಫೈಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. 8 ಜಿಬಿ ರ‍್ಯಾಮ್‌ನ ಕಂಪ್ಯೂಟರ್ ಇಟ್ಟುಕೊಂಡು, ಸಮಾರಂಭದ ಹಿಂದಿನ ರಾತ್ರಿ ಕರೆಂಟು ಹೋಗದಿರಲಿ ಎಂದು ಕಾಯುತ್ತ ಕೂರುವ ಸಣ್ಣ ಅಂಗಡಿಯವರ ಪಾಡನ್ನು ಬೇರೆ ವಿವರಿಸಬೇಕಿಲ್ಲ.

300 ಎಂಬುದು ಪುಸ್ತಕ, ಆಮಂತ್ರಣ ಪತ್ರಿಕೆಗಳಿಗೆ ಸಲ್ಲುವ ಅಳತೆ. ಒಳ್ಳೆಯ ದೃಷ್ಟಿಯಿರುವ ಕಣ್ಣು ಸುಮಾರಾಗಿ ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಅಂತರವಿರುವ ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲದು. ಈ ಲೆಕ್ಕದಲ್ಲಿ ಒಂದು ಅಡಿ ದೂರದಿಂದ ಓದುವುದಕ್ಕೆ ಇಂಚಿಗೆ 286 ಪಿಕ್ಸೆಲ್ ಬೇಕಾದರೆ, ಮೂರು ಅಡಿಯಿಂದ 95, ಹತ್ತು ಅಡಿಯಿಂದ ಸುಮಾರು 29, ಮೂವತ್ತು ಅಡಿಯಿಂದ ಹತ್ತೂ ಬೇಕಾಗುವುದಿಲ್ಲ. ವೇದಿಕೆಯ ಮೇಲಿನ ಗಣ್ಯರ ಹಿಂದಿರುವ ಪರದೆಯನ್ನು ಪ್ರೇಕ್ಷಕರು ನೋಡುವುದು ಹತ್ತು ಅಡಿಗಿಂತ ಆಚೆಯಿಂದಲೇ. ಹತ್ತಿರ ನಿಂತು ಫೋಟೊ ತೆಗೆಸಿಕೊಳ್ಳುವವರನ್ನೂ ಗಣನೆಗೆ ತೆಗೆದುಕೊಂಡು ಇಂಚಿಗೆ 72 ಎಂದಿಟ್ಟುಕೊಂಡರೂ ಅದೇ ಬ್ಯಾಕ್‌ಡ್ರಾಪ್ ಮೆಮೊರಿಯಲ್ಲಿ 600 ಎಂಬಿಯೊಳಗೆ ಮುಗಿಯುತ್ತದೆ. ವಸ್ತುಪ್ರದರ್ಶನದ ಫಲಕ, ಸ್ಟ್ಯಾಂಡಿಗಳ ಮಾತು ಬೇರೆ: ಜನ ಅವುಗಳನ್ನು ಎದುರಿಗೇ ನಿಂತು ಓದುವುದರಿಂದ 100ರಿಂದ 150 ಕೇಳುವುದು ನ್ಯಾಯವೇ. ಮುದ್ರಣ ಯಂತ್ರದ ವಿವರದಲ್ಲಿ ಕಾಣುವ 720, 1440ರಂತಹ ಸಂಖ್ಯೆಗಳು ಶಾಯಿಯ ಹನಿಗಳಿಗೆ ಸಂಬಂಧಿಸಿದವೇ ಹೊರತು ಚಿತ್ರದ ಪಿಕ್ಸೆಲ್‌ಗಳಿಗಲ್ಲ.

ಬ್ಯಾನರ್ ಮಸುಕಾಗಿ ಬರುವುದಕ್ಕೆ ನಿಜವಾದ ಕಾರಣ ಮೂಲಚಿತ್ರ. ಮುಖ್ಯ ಅತಿಥಿಗಳ ಭಾವಚಿತ್ರ ವಾಟ್ಸ್‌ಆ್ಯಪ್‌ನಲ್ಲಿ, ಅದೂ ನಾಲ್ಕು ಕೈ ದಾಟಿ ಕುಗ್ಗಿ ಬಂದಿರುತ್ತದೆ. ಅದನ್ನು ನಾಲ್ಕು ಅಡಿ ಎತ್ತರಕ್ಕೆ ಹಿಗ್ಗಿಸಿ 300 ಎಂದು ನಮೂದಿಸಿದರೆ ಇಲ್ಲದ ವಿವರ ಹುಟ್ಟುವುದಿಲ್ಲ, ಫೈಲಿನ ಭಾರ ಮಾತ್ರ ಹೆಚ್ಚುತ್ತದೆ. ಅದೇ ಚಿತ್ರವನ್ನು ಕ್ಯಾಮೆರಾದಿಂದ ತೆಗೆದ ಮೂಲರೂಪದಲ್ಲಿ, ಫೋಟೊ ಆಗಿ ಅಲ್ಲದೆ ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಅಕ್ಷರಗಳ ವಿಷಯದಲ್ಲಿ ತಪ್ಪು ನಮ್ಮವರದೂ ಇದೆ. ನುಡಿ, ಬರಹದ ಹಳೆಯ ಫಾಂಟುಗಳು ಮುದ್ರಿಸುವವರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ ಎಂಬ ಭಯಕ್ಕೆ ಅನೇಕ ಆಪರೇಟರುಗಳು ಇಡೀ ವಿನ್ಯಾಸವನ್ನೇ ಚಿತ್ರವಾಗಿಸಿಬಿಡುತ್ತಾರೆ. ಆಗ ಅಕ್ಷರದ ಅಂಚು ಒಡೆಯದಿರಲೆಂದು ಪಿಕ್ಸೆಲ್ ಏರಿಸುತ್ತಲೇ ಹೋಗಬೇಕಾಗುತ್ತದೆ. ಕೋರೆಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಅಕ್ಷರ, ಲಾಂಛನಗಳನ್ನು ಕರ್ವ್ಸ್‌ಗೆ (ಪಿಕ್ಸೆಲ್ ಇಲ್ಲದ ಗೆರೆಗಳ ಆಕಾರಕ್ಕೆ) ಬದಲಾಯಿಸಿ, ಹಿನ್ನೆಲೆಯ ಚಿತ್ರವನ್ನು ಮಾತ್ರ 72ರಲ್ಲಿಟ್ಟು ಪಿಡಿಎಫ್ ಮಾಡಿದರೆ ಫಾಂಟಿನ ಹಂಗೂ ಇರುವುದಿಲ್ಲ, ಅಂಚುಗಳೂ ಎಷ್ಟು ಹಿಗ್ಗಿಸಿದರೂ ಹರಿತವಾಗಿರುತ್ತವೆ. ತೀರಾ ದೊಡ್ಡ ಹೋರ್ಡಿಂಗ್‌ಗಳಿಗೆ ಹತ್ತನೇ ಒಂದರ ಅಳತೆಯಲ್ಲಿ ವಿನ್ಯಾಸ ಮಾಡಿ ಮುದ್ರಣದಲ್ಲಿ ಹತ್ತು ಪಟ್ಟು ಹಿಗ್ಗಿಸುವ ಪದ್ಧತಿ ಬಹಳ ಕಾಲದಿಂದ ಇದೆ. ಆ ಸಣ್ಣ ಅಳತೆಯಲ್ಲಿ 300 ಇಟ್ಟರೆ ಪೂರ್ಣ ಅಳತೆಯಲ್ಲಿ 30 ಆಗುತ್ತದೆ, ರಸ್ತೆ ಬದಿಗೆ ಅಷ್ಟು ಧಾರಾಳವಾಗಿ ಸಾಕು.

2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾದ ಮೇಲೆ (ಪಾಲನೆಯ ಮಾತು ಬೇರೆ) ಬಟ್ಟೆಯ ಬ್ಯಾನರ್ ಕೇಳುವ ಕಚೇರಿಗಳೂ ಇವೆ. ನೇಯ್ಗೆಯ ಮೇಲೆ ಶಾಯಿ ತುಸು ಹರಡುವುದರಿಂದ ಅತಿ ಸೂಕ್ಷ್ಮ ವಿವರ ಅಲ್ಲಿ ಉಳಿಯುವುದೇ ಇಲ್ಲ.

ಆದ್ದರಿಂದ ಕೊಟೇಶನ್ ಪತ್ರ ಸಿದ್ಧಪಡಿಸುವವರು 300ರ ಸಾಲನ್ನು ತೆಗೆದು, ಬ್ಯಾನರಿನ ಅಳತೆ, ಜನ ನೋಡುವ ಕನಿಷ್ಠ ದೂರ, ಯಾವ ಬಟ್ಟೆ ಅಥವಾ ಹಾಳೆಯ ಮೇಲೆ ಮುದ್ರಣ ಎಂಬ ಮೂರು ಸಂಗತಿಗಳನ್ನು ನಮೂದಿಸಬೇಕೆಂದೂ, ಭಾವಚಿತ್ರ ಮತ್ತು ಲಾಂಛನಗಳ ಮೂಲ ಫೈಲುಗಳನ್ನು ಕಾರ್ಯಾದೇಶದ ಜೊತೆಗೇ ಒದಗಿಸಬೇಕೆಂದೂ ಕೋರುತ್ತೇನೆ.

— ಓರ್ವ ವಿನ್ಯಾಸಕಾರ, ದಾವಣಗೆರೆ