ಹತ್ತನೇ ತರಗತಿ ಪೋಷಕರಿಗೆ: ಒಂದು ಮೈನಸ್ ಚಿಹ್ನೆಯ ವಿಷಯ

ಪ್ರಿಯ ಪೋಷಕರೇ, ನಮಸ್ಕಾರ.

ಹೋದ ವಾರದ ಗಣಿತ ಕಿರುಪರೀಕ್ಷೆಯ ಪೇಪರ್‌ಗಳನ್ನು ನಾನೂ ಕೂತು ನೋಡಿದೆ. ಪಾಠ ಸಮಾಂತರ ಶ್ರೇಢಿ, ಅಂದರೆ ಪ್ರತಿ ಸಲ ಒಂದೇ ಸಂಖ್ಯೆಯನ್ನು ಕೂಡುತ್ತಾ ಹೋಗುವ ಸಂಖ್ಯೆಗಳ ಸಾಲು. 20, 17, 14, 11 ಎಂದು ಕೊಟ್ಟು ಸಾಮಾನ್ಯ ವ್ಯತ್ಯಾಸ, ಅಂದರೆ ಹಾಗೆ ಪ್ರತಿ ಸಲ ಕೂಡುವ ಸಂಖ್ಯೆ, ಕೇಳಿದ್ದೆವು. ಉತ್ತರ −3. ತುಂಬಾ ಮಕ್ಕಳು 3 ಅಂತ ಬರೆದಿದ್ದಾರೆ. ಒಬ್ಬಳು −3 ಅಂತಲೇ ಬರೆದು, ಆಮೇಲೆ ಆ ಮೈನಸ್ ಮೇಲೆ ಪೆನ್ನಿನಿಂದ ಗೀಚಿ ಮುಚ್ಚಿದ್ದಾಳೆ. ನೋಡಿ ಸಂಕಟವಾಯ್ತು.

ಚಿಕ್ಕ ತರಗತಿಯಿಂದ ವ್ಯತ್ಯಾಸ ಅಂದರೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯೋದು ಅಂತ ಕಲಿತು ಬಂದಿದ್ದಾರೆ, ಅಲ್ವಾ? ಇಲ್ಲಿ ಹಾಗಲ್ಲ. ಯಾವುದು ದೊಡ್ಡದು ಅಂತ ನೋಡದೆ, ಮುಂದಿನ ಪದದಿಂದ (ಸಾಲಿನ ಒಂದೊಂದು ಸಂಖ್ಯೆಗೂ ಪದ ಅಂತಾರೆ) ಅದರ ಹಿಂದಿನ ಪದ ಕಳೆಯಬೇಕು: 17 − 20. ಈ ಚಿಹ್ನೆ ಬಿಟ್ಟುಹೋದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ. ಇದೇ ಶ್ರೇಢಿಯ 10ನೇ ಪದ −7. ಮೈನಸ್ ಮರೆತವರಿಗೆ 47 ಬಂದಿದೆ.

ಮನೆಯಲ್ಲಿ ಚುಕ್ಕಿ ರಂಗೋಲಿ ಹಾಕುವವರು ಇದನ್ನು ನಮಗಿಂತ ಚೆನ್ನಾಗಿ ಹೇಳಿಕೊಡಬಹುದು. ನಡುವಿನ ಸಾಲಿಗೆ 15 ಚುಕ್ಕಿ ಇಟ್ಟು, ಎರಡೂ ಕಡೆ ಒಂದೊಂದು ಬಿಡುತ್ತಾ ಹೋದರೆ 13, 11, 9, ಕೊನೆಗೆ 1. ಸಾಮಾನ್ಯ ವ್ಯತ್ಯಾಸ −2. ಸಂದಿನಲ್ಲಿ ಚುಕ್ಕಿ ಇಟ್ಟರೆ 15, 14, 13, ಆಗ −1. ಮೊದಲನೆಯದನ್ನೇ ತುದಿಯ 1ರಿಂದ ನಡುವಿನ 15ರ ಕಡೆಗೆ ಎಣಿಸಲು ಹೇಳಿ. ಚುಕ್ಕಿಗಳು ಅವೇ, ಆದರೆ ಈಗ ವ್ಯತ್ಯಾಸ +2. ಮಗು ತಾನೇ ಬೆರಳಿಟ್ಟು ಎಣಿಸಲಿ.

ಇನ್ನೊಂದು ತಪ್ಪೂ ಜಾಸ್ತಿ ಕಂಡಿತು. ಬೇರೊಂದು ಶ್ರೇಢಿಯಲ್ಲಿ 3ನೇ ಪದ 11, 8ನೇ ಪದ 31 ಎಂದರೆ ನಡುವೆ ಏರಿದ್ದು 20. ಅದನ್ನು ಸುಮ್ನೆ 8ರಿಂದ ಭಾಗಿಸಿದ್ದಾರೆ. ಮೂರನೇ ಮೆಟ್ಟಿಲಿನಿಂದ ಎಂಟನೆಯದಕ್ಕೆ ಐದೇ ಹೆಜ್ಜೆ, ಹಾಗಾಗಿ ಸಾಮಾನ್ಯ ವ್ಯತ್ಯಾಸ 20 ÷ 5 = 4. ಮನೆಯಲ್ಲಿ ಮೆಟ್ಟಿಲಿದ್ದರೆ ಹತ್ತಿಸಿಯೇ ತೋರಿಸಿ.

ದಯವಿಟ್ಟು ಅಂಕ ನೋಡಿ ಬೈಯಬೇಡಿ. ನಿಮಗೆ ಗಣಿತ ಬರಬೇಕೆಂದೂ ಇಲ್ಲ, "ಯಾವುದರಿಂದ ಯಾವುದನ್ನು ಕಳೆದೆ?" ಅಂತ ಕೇಳಿದರೆ ಸಾಕು, ಹೇಳುತ್ತಾ ಹೇಳುತ್ತಾ ಎಷ್ಟೋ ಮಕ್ಕಳು ತಾವೇ ತಿದ್ದಿಕೊಳ್ಳುತ್ತಾರೆ. ಶನಿವಾರ ಶಾಲೆ ಬಿಟ್ಟ ಮೇಲೆ ಗಣಿತ ಶಿಕ್ಷಕರೂ ನಾನೂ ಒಂದು ಗಂಟೆ ಇರುತ್ತೇವೆ. ಪೇಪರ್ ಜೊತೆ ಮಗುವನ್ನೂ ಕರೆದುಕೊಂಡು ಬನ್ನಿ.

ನಿಮ್ಮ,
ಮುಖ್ಯ ಶಿಕ್ಷಕರು