ವರದಿ ಬರೆದವರು ಅದಕ್ಕೆ ಮೊದಲು ಏನು ಕೆಲಸದಲ್ಲಿದ್ದರು?

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಬೆಲ್ಜಿಯಂನ ಲೂವೆನ್‌ನಲ್ಲಿ ಚಳಿ ಜಾಸ್ತಿ ಅಂತ ನೀನು ಬರೆದದ್ದನ್ನೇ ಹಿಡಿದುಕೊಂಡು ನಿನ್ನ ಅಮ್ಮ ಕೂತಿದ್ದಾಳೆ. ನಾನು ಹಿಡಿದದ್ದು ಬೇರೆ ಸಾಲು. ಅಲ್ಲಿ ಕಾರ್ಮಿಕ ನೀತಿ ಬಗ್ಗೆ ಮಾತಾಡುವವರೆಲ್ಲ ತಜ್ಞರೇ. ಒಬ್ಬರು ಕನಿಷ್ಠ ವೇತನ ಏರಿಸಿದರೆ ಕೆಲಸ ಹೋಗುತ್ತದೆ ಅನ್ನುತ್ತಾರೆ, ಇನ್ನೊಬ್ಬರು ಏನೂ ಆಗಲ್ಲ ಅನ್ನುತ್ತಾರೆ. ಯಾರನ್ನು ನಂಬಲಿ ಅಂತ ಕೇಳಿದ್ದೀಯ. ಓದು ಮುಗಿದ ಮೇಲೆ ಎಲ್ಲಿ ಸೇರಿಕೊಳ್ಳಲಿ ಅಂತಲೂ ಕೇಳಿದ್ದೀಯ.

ಎರಡಕ್ಕೂ ನನ್ನ ಉತ್ತರ ಒಂದೇ. ತಜ್ಞರ ಮಾತು ಕೇಳುವ ಮೊದಲು ಅವರು ಎಲ್ಲೆಲ್ಲಿ ಸಂಬಳ ತಗೊಂಡವರು ಅಂತ ನೋಡು. ದೂರುವುದಕ್ಕೆ ಬೇಡ. ಅವರ ಕಣ್ಣಿಗೆ ಏನು ಬಿದ್ದಿರುತ್ತದೆ, ಏನು ತಪ್ಪಿಹೋಗಿರುತ್ತದೆ ಅಂತ ತಿಳಿಯಲಿಕ್ಕೆ. ಲೇಬರ್ ಆಫೀಸಿನಲ್ಲಿ ಮಾಲೀಕರನ್ನೂ ಯೂನಿಯನ್‌ನವರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುತ್ತಾ ಸರ್ವಿಸ್ ಮುಗಿಸಿದವನು ನಾನು. ಯಾರೇ ಬಂದು ಕೂತರೂ ಇವರು ಮೊದಲು ಎಲ್ಲಿದ್ದರು ಅಂತ ವಿಚಾರಿಸುವುದು ರೂಢಿ ಆಗಿಬಿಟ್ಟಿದೆ. ನಿವೃತ್ತಿ ಆದ ಮೇಲೆ ಅದೇ ಚಾಳಿಯಲ್ಲಿ ಯೂರೋಪಿನವರ ಬಗ್ಗೆ ಓದುತ್ತಾ ಬಂದೆ.

ಓದಿದಾಗ ಮೊದಲು ಗೊತ್ತಾಗಿದ್ದು, ಯಾರನ್ನು ತಜ್ಞ ಅನ್ನಬೇಕು ಅನ್ನುವುದು ಒಂದೊಂದು ದೇಶದಲ್ಲಿ ಒಂದೊಂದು ಥರ.

ಸ್ವೀಡನ್ ತಗೋ. ಎರಡನೇ ಮಹಾಯುದ್ಧದ ನಂತರ ಆ ದೇಶದ ಕೂಲಿ ಮತ್ತು ಉದ್ಯೋಗ ನೀತಿಗೆ ಬುನಾದಿ ಹಾಕಿದವರು ಯೋಸ್ಟಾ ರೇನ್ ಮತ್ತು ರುಡಾಲ್ಫ್ ಮೈಡ್ನರ್. ಇಬ್ಬರೂ ಎಲ್‌ಒ ಅನ್ನುವ ಕಾರ್ಮಿಕ ಮಹಾಸಂಘದಲ್ಲಿ ಅರ್ಥಶಾಸ್ತ್ರಜ್ಞರಾಗಿ ನೌಕರಿಗಿದ್ದವರು. ಮೈಡ್ನರ್ ಹುಟ್ಟಿದ್ದು ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್‌ನಲ್ಲಿ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಸ್ವೀಡನ್‌ಗೆ ಓಡಿಬಂದ ಹುಡುಗ. 1951ರ ಎಲ್‌ಒ ಸಮ್ಮೇಳನದ ಮುಂದೆ ಇವರು ಇಟ್ಟ ವಾದ ಹೀಗಿತ್ತು. ಒಂದೇ ಕೆಲಸಕ್ಕೆ ಎಲ್ಲ ಕಂಪನಿಯಲ್ಲೂ ಒಂದೇ ಕೂಲಿ ಇರಬೇಕು. ಅಷ್ಟು ಕೊಡಲಾಗದ ಕಾರ್ಖಾನೆ ಮುಚ್ಚಿಹೋಗಲಿ. ಕೆಲಸ ಕಳೆದುಕೊಂಡವರಿಗೆ ಸರ್ಕಾರ ಹೊಸ ಕಸುಬು ಕಲಿಸಿ, ಕೆಲಸ ಇರುವ ಊರಿಗೆ ಹೋಗಲು ನೆರವಾಗಲಿ.

ಕಾರ್ಖಾನೆ ಮುಚ್ಚಲಿ ಅಂತ ಹೊರಗಿನವರು ಯಾರಾದರೂ ಯೂನಿಯನ್ ಸಭೆಯಲ್ಲಿ ಹೇಳಿ ನೋಡಲಿ! ನಮ್ಮ ಕಡೆ ಆಗಿದ್ದರೆ ಮೈಕ್ ಕಿತ್ತುಕೊಳ್ಳುತ್ತಿದ್ದರು. ಮನೆಯವರೇ ಹೇಳಿದ್ದರಿಂದ ಅಲ್ಲಿ ಕೇಳಿಸಿಕೊಂಡರು. ಹಾಗಾಗಿ 'ಯೂನಿಯನ್ ಕಡೆಯವರು' ಅಂದ ತಕ್ಷಣ ಇವರು ಏನು ಹೇಳುತ್ತಾರೆ ಅಂತ ಗೊತ್ತು ಅಂದುಕೊಳ್ಳಬೇಡ. ರೇನ್ ಆಮೇಲೆ ಪ್ಯಾರಿಸ್‌ನ ಒಇಸಿಡಿ, ಅಂದರೆ ಮುಂದುವರಿದ ದೇಶಗಳ ಆರ್ಥಿಕ ಸಹಕಾರ ಸಂಸ್ಥೆ, ಅದರಲ್ಲಿ 1962ರಿಂದ 1974ರವರೆಗೆ ಇದೇ ವಿಷಯದ ವಿಭಾಗಕ್ಕೆ ಮುಖ್ಯಸ್ಥರಾಗಿದ್ದರು. ಯೂನಿಯನ್ ಆಫೀಸಿನ ಯೋಚನೆ ಅಲ್ಲಿಂದ ಬೇರೆ ಸರ್ಕಾರಗಳಿಗೂ ಹೋಯಿತು.

ಜರ್ಮನಿಯಲ್ಲಿ 2002ರಲ್ಲಿ ನಿರುದ್ಯೋಗದ ಬಗ್ಗೆ ಒಂದು ಆಯೋಗ ಕೂತಿತು. ಅಧ್ಯಕ್ಷರು ಪೀಟರ್ ಹಾರ್ಟ್ಸ್. ಫೋಕ್ಸ್‌ವ್ಯಾಗನ್ ಕಂಪನಿಯ ಸಿಬ್ಬಂದಿ ವಿಭಾಗದ ನಿರ್ದೇಶಕ. ತೊಂಬತ್ತರ ದಶಕದಲ್ಲಿ ಸಾವಿರಾರು ಜನರನ್ನು ತೆಗೆದುಹಾಕುವ ಬದಲು ವಾರಕ್ಕೆ ನಾಲ್ಕೇ ದಿನ ಕೆಲಸ ಅಂತ ಯೂನಿಯನ್ ಜೊತೆ ಒಪ್ಪಂದ ಮಾಡಿಕೊಂಡು ಹೆಸರಾದವರು. ಆಯೋಗದಲ್ಲಿ ಇದ್ದದ್ದು 15 ಜನ. ದೊಡ್ಡ ಕಂಪನಿಗಳವರು, ಮ್ಯಾಕಿನ್ಸೆ ಮತ್ತು ರೋಲಾಂಡ್ ಬರ್ಗರ್‌ನಂಥ ಸಲಹಾ ಸಂಸ್ಥೆಯವರು, ಯೂನಿಯನ್‌ನ ಇಬ್ಬರು, ಪ್ರೊಫೆಸರುಗಳು, ಒಬ್ಬ ಮೇಯರ್. ಹೆಂಗಸು ಒಬ್ಬರೇ. ಕೆಲಸ ಇಲ್ಲದವರ ಪರವಾಗಿ ಅಂತಲೇ ಒಂದು ಕುರ್ಚಿ ಇರಲಿಲ್ಲ. ಆಗಸ್ಟ್‌ನಲ್ಲಿ ಬರ್ಲಿನ್‌ನ ಫ್ರೆಂಚ್ ಚರ್ಚಿನಲ್ಲಿ ಭಾರಿ ಸಮಾರಂಭ ಮಾಡಿ ವರದಿ ಒಪ್ಪಿಸಿದರು. 2005ರ ಜನವರಿಯಿಂದ 'ಹಾರ್ಟ್ಸ್ 4' ಜಾರಿಗೆ ಬಂತು. ಬಹಳ ಕಾಲ ಕೆಲಸ ಇಲ್ಲದ ಒಂಟಿ ವ್ಯಕ್ತಿಗೆ ಪಶ್ಚಿಮ ಜರ್ಮನಿಯಲ್ಲಿ ತಿಂಗಳಿಗೆ 345 ಯೂರೋ, ಅದರ ಜೊತೆಗೆ ಮನೆ ಬಾಡಿಗೆ. ವರದಿಯಲ್ಲಿ ಇದ್ದದ್ದೆಲ್ಲ ಕಾನೂನಾಗಲಿಲ್ಲ, ಕಾನೂನಿನಲ್ಲಿ ಬಂದದ್ದೆಲ್ಲ ವರದಿಯಲ್ಲಿ ಇರಲಿಲ್ಲ. ಆದರೂ ಹೆಸರು ಮಾತ್ರ ಆ ಮನುಷ್ಯನಿಗೇ ಅಂಟಿಕೊಂಡಿತು. ಗಟ್ಟಿ ಯೂನಿಯನ್ ಇರುವ, ದುಡ್ಡಿರುವ ಕಂಪನಿಯೊಳಗೆ ಜನರನ್ನು ಸಂಭಾಳಿಸಿದ ಅನುಭವ ಒಂದು. ಕಂಪನಿಯೇ ಇಲ್ಲದವನನ್ನು ಸಂಭಾಳಿಸುವುದು ಇನ್ನೊಂದು. ಆ ಹದಿನೈದು ಹೆಸರುಗಳ ಮುಂದೆ ಅವರವರ ಕೆಲಸ ಬರೆದುಕೊಂಡು ಒಮ್ಮೆ ವರದಿ ಓದು, ಬೇರೆ ಥರ ಕಾಣುತ್ತದೆ.

ಇಟಲಿಯದು ನನ್ನನ್ನು ತುಂಬಾ ಕಾಡಿದ ಕಥೆ. ಅಲ್ಲಿ ಕಾರ್ಮಿಕ ನೀತಿ ಬಹುಮಟ್ಟಿಗೆ ಕಾನೂನು ಪ್ರೊಫೆಸರುಗಳ ಕೈಯಲ್ಲಿ ಬೆಳೆದದ್ದು. 1970ರ ಮೇ 20ರಂದು ಬಂದ 300ನೇ ಕಾನೂನು, ಕಾರ್ಮಿಕರ ಹಕ್ಕುಗಳ ಕಾನೂನು, ಅದರ ಕರಡಿನ ಹಿಂದಿದ್ದವರು ಜೀನೊ ಜೂನ್ಯಿ. ಅಮೆರಿಕದ ವಿಸ್ಕಾನ್ಸಿನ್‌ಗೆ ಹೋಗಿ ಕಲಿತು ಬಂದ ಕಾನೂನು ಪ್ರೊಫೆಸರ್. ಅವರನ್ನು ಕರೆಸಿಕೊಂಡ ಮಂತ್ರಿ ಜಾಕೊಮೊ ಬ್ರೊದೊಲೀನಿ ಹಿಂದೆ ಯೂನಿಯನ್ ನಾಯಕರಾಗಿದ್ದವರು. ಕಾನೂನು ಪಾಸಾಗುವ ಮೊದಲೇ, 1969ರಲ್ಲಿ, ತೀರಿಕೊಂಡರು. 1983ರಲ್ಲಿ ರೆಡ್ ಬ್ರಿಗೇಡ್ಸ್ ಅನ್ನುವ ಉಗ್ರ ಎಡಪಂಥದ ಬಂದೂಕುಧಾರಿ ಗುಂಪಿನವರು ರೋಮ್‌ನಲ್ಲಿ ಜೂನ್ಯಿಯವರ ಕಾಲಿಗೆ ಗುಂಡು ಹೊಡೆದರು. ಬದುಕಿದರು. ಹತ್ತು ವರ್ಷದ ಮೇಲೆ ತಾವೇ ಕಾರ್ಮಿಕ ಮಂತ್ರಿ ಆದರು.

ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಬೆಲೆ ಏರಿದ ಹಾಗೆ ಕೂಲಿಯೂ ತಾನಾಗಿ ಏರುವ ಪದ್ಧತಿ ಅಲ್ಲಿತ್ತು. ಮುಂದಿನ ವರ್ಷ ಬೆಲೆ ಎಷ್ಟು ಏರಬೇಕು ಅಂತ ಮೊದಲೇ ಗುರಿ ಇಟ್ಟುಕೊಂಡು, ಅದಕ್ಕೆ ತಕ್ಕಂತೆ ಕೂಲಿಯ ಏರಿಕೆ ನಿಗದಿ ಮಾಡೋಣ ಅಂದವರು ಎಜಿಯೊ ತರಾಂತೆಲ್ಲಿ ಅನ್ನುವ ಅರ್ಥಶಾಸ್ತ್ರಜ್ಞ. 1985ರ ಮಾರ್ಚ್ 27ರಂದು ರೋಮ್ ವಿಶ್ವವಿದ್ಯಾಲಯದಲ್ಲಿ ಪಾಠ ಮುಗಿಸಿ ಕಾರಿನ ಹತ್ತಿರ ಬಂದಾಗ ರೆಡ್ ಬ್ರಿಗೇಡ್ಸ್‌ನವರು ಅವರನ್ನು ಕೊಂದರು. ಕಾರ್ಮಿಕ ಮಂತ್ರಿಗೆ ಸಲಹೆಗಾರರಾಗಿದ್ದ ಮಾಸ್ಸಿಮೊ ದಾಂತೋನಾ ಅವರನ್ನು 1999ರ ಮೇ 20ರಂದು, ಜೂನ್ಯಿ ಕಾನೂನು ಬಂದ ಅದೇ ತಾರೀಖು, ಮನೆಯಿಂದ ನಡೆದು ಕೆಲಸಕ್ಕೆ ಹೋಗುವಾಗ ಕೊಂದರು. ಮಾರ್ಕೊ ಬಿಯಾಜಿ ಮೊದೆನಾದಲ್ಲಿ ಪ್ರೊಫೆಸರ್. 2002ರ ಮಾರ್ಚ್ 19ರ ಸಂಜೆ ರೈಲಿಳಿದು, ಬೊಲೊನ್ಯ ಸ್ಟೇಷನ್ನಿನಿಂದ ಸೈಕಲ್ ಮೇಲೆ ಮನೆಗೆ ಬಂದರು. ಬಾಗಿಲ ಹತ್ತಿರವೇ ಗುಂಡು. ಅವರಿಗೆ ಕೊಟ್ಟಿದ್ದ ಪೊಲೀಸ್ ಕಾವಲನ್ನು ಅದಕ್ಕೆ ಮುಂಚೆಯೇ ವಾಪಸ್ ತಗೊಂಡಿದ್ದರು.

ಮೂವರ ಹಿನ್ನೆಲೆ ನೋಡು. ತರಾಂತೆಲ್ಲಿ ಒಂದು ಯೂನಿಯನ್‌ಗೆ ಹತ್ತಿರ, ದಾಂತೋನಾ ಎಡಪಂಥದ ಇನ್ನೊಂದು ಯೂನಿಯನ್‌ಗೆ ಹತ್ತಿರ, ಬಿಯಾಜಿ ಕೊನೆಗಾಲದಲ್ಲಿ ಬಲಪಂಥದ ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದವರು. ಒಟ್ಟಿಗೆ ಕೂರಿಸಿದ್ದರೆ ಜಗಳ ಆಡಿಕೊಳ್ಳುತ್ತಿದ್ದರೋ ಏನೋ. ಕೊಂದವರ ಲೆಕ್ಕದಲ್ಲಿ ಮಾತ್ರ ಮೂವರೂ ಒಂದೇ. ಎರಡೂ ಕಡೆಯವರು ಸಹಿ ಹಾಕಬಹುದಾದಂಥ ಕಾಗದ ಬರೆಯಬಲ್ಲವರು. ನಿನ್ನ ಕ್ಲಾಸಿನಲ್ಲಿ 2003ರ 'ಬಿಯಾಜಿ ಕಾನೂನಿ'ನ ಬಗ್ಗೆ ವಾದ ಆಗುತ್ತದೆ. ಅದರಿಂದ ತಾತ್ಕಾಲಿಕ ಕೆಲಸ ಹೆಚ್ಚಿತು ಅಂತ ಬೈಯುವವರಿದ್ದಾರೆ. ಬೈಯಲಿ, ವಾದ ಇರಬೇಕು. ಆ ಹೆಸರು ಯಾರದು ಅಂತ ತಿಳಿದುಕೊಂಡು ಬೈಯಲಿ ಅಷ್ಟೇ.

ನಿನ್ನ ಕನಿಷ್ಠ ವೇತನದ ಪ್ರಶ್ನೆಗೆ ಬ್ರಿಟನ್ ಕಡೆ ಹೋಗಬೇಕು. 1997ರಲ್ಲಿ ಅಲ್ಲಿ, ಕನಿಷ್ಠ ವೇತನ ಎಷ್ಟಿರಬೇಕು ಅಂತ ಸಲಹೆ ಕೊಡಲಿಕ್ಕೆ, ಲೋ ಪೇ ಕಮಿಷನ್ ಮಾಡಿದರು. ಒಂಬತ್ತು ಜನ. ಮೂವರು ಮಾಲೀಕರ ಕಡೆಯ ಅನುಭವ ಇದ್ದವರು, ಮೂವರು ಯೂನಿಯನ್ ಕಡೆಯವರು, ಮೂವರು ಸ್ವತಂತ್ರರು. ನಮ್ಮ 1948ರ ಕನಿಷ್ಠ ವೇತನ ಕಾಯ್ದೆಯ ಸಮಿತಿಗಳಲ್ಲೂ ಎರಡೂ ಕಡೆ ಸಮ ಸಮ ಇರಬೇಕಿತ್ತು, ಸ್ವತಂತ್ರರು ಮೂರರಲ್ಲಿ ಒಂದು ಪಾಲು ಮೀರುವಂತಿರಲಿಲ್ಲ. ಹಾಗಾಗಿ ಓದುವಾಗ ನನಗೆ ಹಳೇ ಪರಿಚಯದವರನ್ನು ಕಂಡ ಹಾಗಾಯಿತು. ಆದರೆ ಒಂದು ವ್ಯತ್ಯಾಸ ಇದೆ. ಅಲ್ಲಿ ಕೂತವರು ತಮ್ಮ ಸಂಘದ ಪ್ರತಿನಿಧಿಗಳಲ್ಲ. ಅನುಭವ ಆ ಕಡೆಯದು, ಅಭಿಪ್ರಾಯ ಸ್ವಂತದ್ದು. ನನ್ನ ಸಮಿತಿಗಳಲ್ಲಿ ಹೀಗಿದ್ದಿದ್ದರೆ ಎಷ್ಟು ಟೀ ಖರ್ಚು ಉಳಿಯುತ್ತಿತ್ತೋ!

ಲೋ ಪೇ ಕಮಿಷನ್ನಿನ ಮೊದಲ ಅಧ್ಯಕ್ಷರು ಜಾರ್ಜ್ ಬೇನ್. ಕೆನಡಾದ ವಿನ್ನಿಪೆಗ್‌ನವರು. ಯೂನಿಯನ್‌ಗಳು ಹೇಗೆ ಬೆಳೆಯುತ್ತವೆ ಅಂತ ಅಧ್ಯಯನ ಮಾಡಿದವರು, ಆಮೇಲೆ ಲಂಡನ್ ಬಿಸಿನೆಸ್ ಸ್ಕೂಲಿನ ಮುಖ್ಯಸ್ಥರಾದವರು. ಎರಡೂ ಕಡೆಯ ಭಾಷೆ ಬರುತ್ತಿತ್ತು. ಕಮಿಷನ್‌ನವರು ಲಂಡನ್ನಿನಲ್ಲೇ ಕೂತಿರದೆ ಊರೂರು ತಿರುಗಿ, ಕಡಿಮೆ ಸಂಬಳದ ಕೆಲಸಗಾರರನ್ನೂ ಸಣ್ಣ ಮಾಲೀಕರನ್ನೂ ಮಾತಾಡಿಸಿದರು. 1999ರ ಏಪ್ರಿಲ್‌ನಲ್ಲಿ ಗಂಟೆಗೆ 3 ಪೌಂಡ್ 60 ಪೆನ್ಸ್ ನಿಗದಿ ಆಯಿತು. ಲಕ್ಷಗಟ್ಟಲೆ ಕೆಲಸ ಹೋಗುತ್ತದೆ ಅಂತ ಹೆದರಿಸಿದವರಿದ್ದರು. ಆಮೇಲಿನ ಅಧ್ಯಯನಗಳಲ್ಲಿ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ. ಎಷ್ಟೇ ಏರಿಸಿದರೂ ಹೀಗೇ ಆಗುತ್ತದೆ ಅಂತ ಇದರರ್ಥ ಅಲ್ಲ. ಮೆಲ್ಲಗೆ ಏರಿಸಿದರು, ಏರಿಸಿದ ಮೇಲೆ ಏನಾಯಿತು ಅಂತ ಲೆಕ್ಕ ನೋಡಿದರು, ಮತ್ತೆ ಏರಿಸಿದರು. ನಿನ್ನ ಇಬ್ಬರು ತಜ್ಞರನ್ನೂ ಅದನ್ನೇ ಕೇಳು. ಎಷ್ಟು ಏರಿಕೆ, ಯಾವ ಊರಿನಲ್ಲಿ, ಯಾವ ಕೆಲಸಕ್ಕೆ? ಅದಕ್ಕೆ ಉತ್ತರ ಇಲ್ಲದೆ ಬರೀ 'ಹೋಗುತ್ತದೆ', 'ಹೋಗಲ್ಲ' ಅನ್ನುವವರ ಜೊತೆ ಸುಮ್ನೆ ಟೈಮ್ ಕಳೆಯಬೇಡ.

ಇನ್ನು ನಿನಗೆ ಹತ್ತಿರದ ಬ್ರಸೆಲ್ಸ್, ಯೂರೋಪಿಯನ್ ಒಕ್ಕೂಟದ ಆಡಳಿತ ನಡೆಯುವ ಊರು. ಅಲ್ಲಿ ಒಂದೇ ಅಚ್ಚಿನವರು ಇರುತ್ತಾರೆ ಅಂದುಕೊಂಡಿದ್ದೆ, ಹಾಗಿಲ್ಲ. ಜಾಕ್ ದೆಲೋರ್ ಅವರ ಅಪ್ಪ ಫ್ರಾನ್ಸ್‌ನ ಕೇಂದ್ರ ಬ್ಯಾಂಕಿನಲ್ಲಿ ಜವಾನರಾಗಿದ್ದವರು. ಮಗನೂ ಅದೇ ಬ್ಯಾಂಕಿಗೆ ಸೇರಿ, ಕ್ರೈಸ್ತ ಕಾರ್ಮಿಕ ಸಂಘದಲ್ಲಿ ದುಡಿದು, ಕೆಲಸದಲ್ಲಿರುವವರಿಗೂ ತರಬೇತಿಯ ಹಕ್ಕು ಕೊಟ್ಟ 1971ರ ಕಾನೂನಿನ ಹಿಂದೆ ನಿಂತರು. 1985ರಲ್ಲಿ, ಆ ಆಡಳಿತ ನಡೆಸುವ ಯೂರೋಪಿಯನ್ ಕಮಿಷನ್ನಿಗೆ ಅಧ್ಯಕ್ಷರಾದ ತಿಂಗಳೇ ಮಾಲೀಕರ ಸಂಘಗಳನ್ನೂ ಯೂನಿಯನ್‌ಗಳನ್ನೂ ಬ್ರಸೆಲ್ಸ್‌ನ ವಾಲ್ ದ್ಯುಶೆಸ್ ಬಂಗಲೆಗೆ ಕರೆಸಿ ಮಾತಿಗೆ ಕೂರಿಸಿದರು. ಉದ್ಯೋಗ ಖಾತೆಯ ಕಮಿಷನರ್‌ಗಳಲ್ಲಿ ಲಾಸ್ಲೊ ಆಂದೊರ್ ಬುಡಾಪೆಸ್ಟ್‌ನ ಅರ್ಥಶಾಸ್ತ್ರದ ಮೇಷ್ಟ್ರು. ಮಾರಿಯಾನ್ ಟೈಸನ್ ವಕೀಲರು, ಬೆಲ್ಜಿಯಂನ ಸಣ್ಣ ವ್ಯಾಪಾರಿಗಳ ಸಂಘದಲ್ಲಿ ಕೆಲಸ ಮಾಡಿದವರು. ಮಾಲೀಕರ ಕಡೆಯಿಂದ ಬಂದ ಅವರ ಕಾಲದಲ್ಲೇ, 2018ರಲ್ಲಿ, ಬೇರೆ ದೇಶದಿಂದ ಕಳಿಸಿದ ಕೆಲಸಗಾರನಿಗೂ ಸ್ಥಳೀಯರಷ್ಟೇ ಸಂಬಳ ಅನ್ನುವ ನಿಯಮ ಗಟ್ಟಿಯಾದದ್ದು. ನಿಕೊಲಾಸ್ ಶ್ಮಿಟ್ ಲಕ್ಸೆಂಬರ್ಗ್‌ನ ರಾಯಭಾರಿ, ಆಮೇಲೆ ಕಾರ್ಮಿಕ ಮಂತ್ರಿ. ಕನಿಷ್ಠ ವೇತನದ ಬಗ್ಗೆ ಸದಸ್ಯ ದೇಶಗಳಿಗೆ ಹೊರಡಿಸಿದ 2022ರ ನಿರ್ದೇಶನ ಅವರ ಕಾಲದ್ದು. ಯೂರೋಪಿಯನ್ ಕೇಂದ್ರ ಬ್ಯಾಂಕಿನ ಅಧ್ಯಕ್ಷೆ ಆದ ಕ್ರಿಸ್ಟಿನ್ ಲಗಾರ್ಡ್ ಕೂಡ ಮೂಲದಲ್ಲಿ ವಕೀಲರೇ.

ದುಡ್ಡಿನ ವಿಷಯ ಮುಚ್ಚಿಡಬಾರದು. ಬ್ರೂಗಲ್ ಅನ್ನುವ ಸಂಶೋಧನಾ ಸಂಸ್ಥೆಗೆ ಸರ್ಕಾರಗಳೂ ಕಂಪನಿಗಳೂ ಚಂದಾ ಕೊಡುತ್ತವೆ. ಯೂನಿಯನ್‌ಗಳ ಸಂಶೋಧನಾ ಸಂಸ್ಥೆ ಇಟಿಯುಐಗೆ ಯೂರೋಪಿಯನ್ ಒಕ್ಕೂಟದ್ದೇ ಅನುದಾನ ಇದೆ. ಕಮಿಷನ್ ಅಧ್ಯಕ್ಷರಾಗಿದ್ದ ಬರೋಸೊ 2016ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಅನ್ನುವ ಬ್ಯಾಂಕಿಗೆ ಸೇರಿದಾಗ ದೊಡ್ಡ ಗಲಾಟೆ ಆಗಿ, ಆಮೇಲೆ ಹುದ್ದೆ ಬಿಟ್ಟ ಅಧ್ಯಕ್ಷರು ಇಂಥ ಕೆಲಸ ಹಿಡಿಯಲು ಮೂರು ವರ್ಷದ ತಡೆ ಬಂತು. ಜರ್ಮನ್ ಸರ್ಕಾರಕ್ಕೆ ಸಲಹೆ ಕೊಡುವ ಐವರು ಆರ್ಥಿಕ ತಜ್ಞರ ಮಂಡಳಿಯಲ್ಲಿ ಒಬ್ಬರು 2024ರಲ್ಲಿ ಸೀಮೆನ್ಸ್ ಎನರ್ಜಿಯ ಮೇಲ್ವಿಚಾರಣಾ ಮಂಡಳಿಗೂ ಸೇರಿದಾಗ, ಎರಡರಲ್ಲಿ ಒಂದು ಇಟ್ಟುಕೊಳ್ಳಿ ಅಂತ ಉಳಿದ ನಾಲ್ವರೇ ಹೇಳಿದರು. ಅವರು ಎರಡನ್ನೂ ಇಟ್ಟುಕೊಂಡರು. ಹಿಂದೆ ಮಾಡಿದ ಕೆಲಸಕ್ಕಿಂತ ಮುಂದೆ ಸಿಗಬಹುದಾದ ಕೆಲಸ ಮನುಷ್ಯನನ್ನು ಜಾಸ್ತಿ ಬಗ್ಗಿಸುತ್ತದೆ ಅಂತ ನನ್ನ ಅನಿಸಿಕೆ.

ಈಗ ನಿನ್ನ ನೌಕರಿ. ಯೂರೋಪಿಯನ್ ಕಮಿಷನ್ನಿನ ಕಾಯಂ ಕೆಲಸಕ್ಕೆ ಅಲ್ಲಿನ ಪೌರತ್ವ ಬೇಕು, ಅದರ ಆಸೆ ಈಗ ಬೇಡ. ಅವರ ಐದು ತಿಂಗಳ ತರಬೇತಿ ಮಾರ್ಚ್ ಮತ್ತು ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. ಹೊರಗಿನವರಿಗೂ ಕೆಲವು ಸೀಟು ಇವೆ, ಅರ್ಜಿ ಹಾಕು. ಒಇಸಿಡಿಗೆ ಭಾರತ ಸದಸ್ಯ ಅಲ್ಲ, ಅಲ್ಲಿ ಬಾಗಿಲು ಕಿರಿದು. ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಐಎಲ್‌ಒಗೆ ನಾವು 1919ರಿಂದಲೂ ಸದಸ್ಯರು, ಅಲ್ಲಿ ನೋಡು. ಆದರೆ ಎಲ್ಲೇ ಆಗಲಿ, ಸಂಬಳದ ಮಾತುಕತೆ ನಿಜವಾಗಿ ನಡೆಯುವ ಕಡೆ ಒಂದಷ್ಟು ವರ್ಷ ಇದ್ದು ಆಮೇಲೆ ವರದಿ ಬರೆಯುವ ಆಫೀಸಿಗೆ ಹೋಗು. ಯೂನಿಯನ್ ಆದರೂ ಸರಿ, ಮಾಲೀಕರ ಸಂಘ ಆದರೂ ಸರಿ.

ಅದಕ್ಕೆ ನೀನು ದೂರ ಹೋಗಬೇಕಾಗಿಯೂ ಇಲ್ಲ. ಶನಿವಾರ ರೆಸ್ಟೋರೆಂಟಿನಲ್ಲಿ ಕೆಲಸ ಮಾಡುತ್ತೀಯಲ್ಲ, ಅದರ ಸಂಬಳದ ಚೀಟಿ ತೆಗೆದು ನೋಡು. 302 ಅಂತ ಒಂದು ನಂಬರ್ ಇರುತ್ತದೆ. ಬೆಲ್ಜಿಯಂನಲ್ಲಿ ಒಂದೊಂದು ಕಸುಬಿಗೆ ಒಂದೊಂದು ಜಂಟಿ ಸಮಿತಿ. ಹೋಟೆಲಿನವರದ್ದು 302, ಕಟ್ಟಡ ಕೆಲಸದವರದ್ದು 124. ನಿನ್ನ ಗಂಟೆಯ ಕೂಲಿಗೆ ಕನಿಷ್ಠ ಎಷ್ಟು ಅಂತ ಗೊತ್ತುಮಾಡುವುದು ಆ ಸಮಿತಿ. ಎರಡೂ ಕಡೆಯವರು ಕೂತಿರುತ್ತಾರೆ, ಮಧ್ಯದಲ್ಲಿ ಸರ್ಕಾರದ ಸಂಧಾನಾಧಿಕಾರಿ. ಅಂದರೆ ನಿನ್ನ ದೊಡ್ಡಪ್ಪನ ಜಾತಿಯವರು! ಅಲ್ಲಿ ಯಾರ್ಯಾರಿದ್ದಾರೆ, ಅದಕ್ಕೆ ಮೊದಲು ಏನು ಮಾಡುತ್ತಿದ್ದರು ಅಂತ ಹುಡುಕು. ನಿನ್ನ ಥೀಸಿಸ್‌ಗೆ ವಿಷಯ ಬೇಕು ಅನ್ನುತ್ತಿದ್ದೆ ಅಲ್ವಾ? ಆ ಸಂಧಾನಾಧಿಕಾರಿಗೆ ಇದೇ ವಾರ ಒಂದು ಮೇಲ್ ಹಾಕು, ವಿದ್ಯಾರ್ಥಿನಿ ಅಂತ ಹೇಳು, ಅರ್ಧ ಗಂಟೆ ಕೇಳು. ಡಚ್ ಭಾಷೆ ಕಲಿಯುವುದನ್ನು ಮಾತ್ರ ಮುಂದೂಡಬೇಡ. ಮಾತುಕತೆ ನಡೆಯುವುದು ಡಚ್ಚಿನಲ್ಲಿ, ಫ್ರೆಂಚಿನಲ್ಲಿ.

ಅಮ್ಮ ಸ್ವೆಟರ್ ಕಳಿಸುತ್ತಿದ್ದಾಳೆ, ಜೊತೆಗೆ ಚಟ್ನಿಪುಡಿ.

ಇಂತಿ,
ನಿನ್ನ ದೊಡ್ಡಪ್ಪ